ಎಲ್‌ವ್ಯಾಡ್ ಹಾಕಿಸಿಕೊಂಡವರ ಸ್ನಾನ: ಬಕೆಟ್ಟು ಚೊಂಬಿನ ಬಚ್ಚಲಿಗೆ ಹೊಂದುವ ಮಾರ್ಗದರ್ಶಿ

ಎಲ್‌ವ್ಯಾಡ್ (ಸೋತ ಹೃದಯಕ್ಕೆ ನೆರವಾಗಲು ಎದೆಯೊಳಗೆ ಕೂರಿಸುವ ಪಂಪು) ಹಾಕಿಸಿಕೊಂಡು ಬೆಂಗಳೂರಿನ ಆಸ್ಪತ್ರೆಯಿಂದ ಊರಿಗೆ ಬಂದವರ ಮನೆಯಲ್ಲಿ ಮೊದಲ ವಾರವೇ ಏಳುವ ಪ್ರಶ್ನೆ ಸ್ನಾನದ್ದು. ಮಾತ್ರೆ, ಊಟ, ನಡಿಗೆಯ ಬಗ್ಗೆ ಹೇಳಿಕೊಟ್ಟಂತೆ ಸ್ನಾನದ ಬಗ್ಗೆಯೂ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆದರೆ ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಇರುವುದೆಲ್ಲ ಶವರ್‌ನ ಮಾತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹಳ್ಳಿಮನೆಗಳ ಬಚ್ಚಲಲ್ಲಿ ಇರುವುದು ಹಂಡೆ, ಬಕೆಟ್ಟು, ಚೊಂಬು, ಕೂರಲು ಒಂದು ಮಣೆ. ಪುಸ್ತಕದಲ್ಲಿ ಇರುವುದನ್ನು ಈ ಬಚ್ಚಲಿಗೆ ಹೊಂದಿಸಿಕೊಳ್ಳುವ ಕೆಲಸ ಮನೆಯವರದ್ದೇ ಆಗುತ್ತದೆ.

ನಮ್ಮಪ್ಪ ಚಿಂತಾಮಣಿ ಕಡೆಯ ಊರಿನಲ್ಲಿ ಈ ಯಂತ್ರದೊಂದಿಗೆ ಬದುಕುತ್ತಿದ್ದಾರೆ. ಅವರನ್ನು ನೋಡಿಕೊಳ್ಳುವ ಮಗಳಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇಲ್ಲಿರುವುದಕ್ಕೂ ನಿಮ್ಮ ಆಸ್ಪತ್ರೆಯವರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಬೇಕು.

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಒಂದಿದೆ. ತಲೆಯ ಮೇಲೆ ನೀರು ಸುರಿದುಕೊಂಡರೇ ಸ್ನಾನ ಎಂಬ ಹಠವನ್ನು ಬಿಡಬೇಕು. ಒದ್ದೆ ಬಟ್ಟೆಯಲ್ಲಿ ಮೈ ಚೆನ್ನಾಗಿ ಒರೆಸಿಕೊಂಡರೆ ಮೈ ಶುದ್ಧವಾಗುತ್ತದೆ, ದೇವರ ಮುಂದೆ ದೀಪ ಹಚ್ಚುವುದಕ್ಕೂ ಅಷ್ಟು ಸಾಕು. ಈ ಒಂದು ವಿಷಯ ಮನೆಯ ಹಿರಿಯರ ಮನಸ್ಸಿಗೆ ಬಂದರೆ ಮುಂದಿನದು ಅರ್ಧ ಸಲೀಸು.

ಒದ್ದೆಯಾಗಬಾರದ್ದು ಏನು, ಯಾಕೆ

ಹೃದಯದ ಎಡಗಡೆಯ ಕೆಳಕೋಣೆ ಸೋತಾಗ, ಅಲ್ಲಿನ ರಕ್ತವನ್ನು ಎಳೆದು ಮಹಾಪಧಮನಿಗೆ ತಳ್ಳುವ ಪಂಪ್ ಇದು. ನಮ್ಮ ಕಡೆಯವರಿಗೆ ಅರ್ಥ ಮಾಡಿಸುವುದು ಸುಲಭ. ಬೋರ್‌ವೆಲ್‌ನೊಳಗೆ ಇಳಿಬಿಟ್ಟ ಮೋಟರು, ಅದರಿಂದ ಮೇಲೆ ಬರುವ ಕೇಬಲ್ಲು, ಗೋಡೆಯ ಮೇಲಿನ ಸ್ಟಾರ್ಟರ್ ಪೆಟ್ಟಿಗೆ. ಹಾಗೆಯೇ ಇಲ್ಲಿ ಎದೆಯೊಳಗೆ ಪಂಪು, ಹೊಟ್ಟೆಯ ಚರ್ಮದಿಂದ ಹೊರಬರುವ ಡ್ರೈವ್‌ಲೈನ್ ಎಂಬ ಕೇಬಲ್ಲು, ಸೊಂಟದಲ್ಲಿ ಕಂಟ್ರೋಲರು, ಎರಡು ಬ್ಯಾಟರಿ. ಈಗ ಹೆಚ್ಚಾಗಿ ಹಾಕುವ ಹಾರ್ಟ್‌ಮೇಟ್ 3 ನಿಮಿಷಕ್ಕೆ ಸುಮಾರು 5,000ದಿಂದ 6,000 ಸುತ್ತು ತಿರುಗುತ್ತಿರುತ್ತದೆ. ಹಗಲು ರಾತ್ರಿ, ಸ್ನಾನದ ಹೊತ್ತಿನಲ್ಲೂ. ಬಿಚ್ಚಿಟ್ಟು ಸ್ನಾನ ಮಾಡಿ ಮತ್ತೆ ಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ.

ಇದರಲ್ಲಿ ಎರಡು ಜಾಗಕ್ಕೆ ನೀರು ಸೋಕಬಾರದು. ಒಂದು, ಕಂಟ್ರೋಲರು, ಬ್ಯಾಟರಿ ಮತ್ತು ಅವುಗಳ ಕನೆಕ್ಷನ್‌ಗಳು. ಒಳಗೆ ನೀರು ಹೋದರೆ ಪಂಪೇ ನಿಲ್ಲಬಹುದು. ಎರಡನೆಯದು, ಹೊಟ್ಟೆಯ ಮೇಲೆ ಕೇಬಲ್ ಹೊರಬರುವ ರಂಧ್ರ. ಅದು ವಾಸಿಯಾದಂತೆ ಕಂಡರೂ ಪೂರ್ತಿ ಮುಚ್ಚಿಕೊಳ್ಳುವ ಗಾಯವಲ್ಲ. ಅಲ್ಲಿ ಸೇರಿದ ಸೋಂಕು ಕೇಬಲ್ ಗುಂಟ ಒಳಗೆ ಸಾಗಬಲ್ಲದು. ಹಾಗೆ ಒಳಗೆ ಹೋದ ಸೋಂಕನ್ನು ಓಡಿಸುವುದು ಬಹಳ ಕಷ್ಟ, ಮತ್ತೆ ಆಪರೇಷನ್‌ವರೆಗೂ ಹೋಗಬಹುದು. ಯಂತ್ರ ನೆನೆದರೆ ಅಲಾರಂ ಹೊಡೆದು ಗೊತ್ತಾಗಬಹುದು. ರಂಧ್ರ ನೆನೆದದ್ದು ಆ ದಿನ ಗೊತ್ತಾಗುವುದಿಲ್ಲ. ಅದಕ್ಕೇ ನನಗೆ ಎರಡನೆಯದರ ಭಯವೇ ಹೆಚ್ಚು.

ಇದರಿಂದಲೇ ಬಾತ್‌ಟಬ್, ಈಜು, ಕೆರೆ, ಕಲ್ಯಾಣಿ, ನೀರಿನ ತೊಟ್ಟಿ ಇವೆಲ್ಲ ಶಾಶ್ವತವಾಗಿ ಬೇಡ. ಮೈ ಮುಳುಗಿಸುವ ಸ್ನಾನ ಯಾವುದೂ ಇಲ್ಲ. ಇದಕ್ಕೆ ಯಾವ ಆಸ್ಪತ್ರೆಯೂ ವಿನಾಯಿತಿ ಕೊಡುವುದಿಲ್ಲ.

ನೀರು ಸುರಿದುಕೊಳ್ಳಲು ಅನುಮತಿ ಯಾವಾಗ

ಆಪರೇಷನ್ ಆದ ಮೇಲೆ ರಂಧ್ರದ ಸುತ್ತ ಚರ್ಮ ಕೇಬಲ್ಲಿಗೆ ಚೆನ್ನಾಗಿ ಅಂಟಿಕೊಳ್ಳುವವರೆಗೆ ಒರೆಸುವ ಸ್ನಾನ ಮಾತ್ರ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ನಿಧಾನ. ಎಲ್‌ವ್ಯಾಡ್ ಕೋಆರ್ಡಿನೇಟರ್ (ಆಸ್ಪತ್ರೆಯಲ್ಲಿ ಈ ರೋಗಿಗಳನ್ನು ನೋಡಿಕೊಳ್ಳುವವರು) ರಂಧ್ರವನ್ನು ಕಣ್ಣಾರೆ ನೋಡಿ, ‘ಇನ್ನು ನೀರು ಹಾಕಿಕೊಳ್ಳಬಹುದು’ ಎಂದು ಹೇಳಬೇಕು. ಕೆಲವು ತಂಡಗಳು ಕೊನೆಯವರೆಗೂ ಹಾಗೆ ಹೇಳುವುದೇ ಇಲ್ಲ, ಒರೆಸುವುದರಲ್ಲೇ ಇರಿ ಅನ್ನುತ್ತವೆ. ಅದೂ ಸರಿಯೇ. ಪಕ್ಕದೂರಿನಲ್ಲಿ ಇನ್ನೊಬ್ಬರಿಗೆ ಅನುಮತಿ ಸಿಕ್ಕಿದೆ ಎಂದು ನಿಮಗೂ ಸಿಕ್ಕಂತೆ ಅಲ್ಲ.

ಅನುಮತಿ ಕೇಳಲು ಹೋದಾಗ ನಿಮ್ಮ ಬಚ್ಚಲಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿ. ಕೂರುವ ಜಾಗ, ನೀರು ಬರುವ ಕಡೆ, ಕರೆಂಟಿನ ಬೋರ್ಡು ಎಲ್ಲಾ ಅದರಲ್ಲಿ ಕಾಣಬೇಕು. ‘ಶವರ್ ಇಲ್ಲ ಮೇಡಂ, ಚೊಂಬಿನಲ್ಲಿ ಹಾಕಿಕೊಳ್ಳುತ್ತಾರೆ’ ಎಂದು ಬಿಡಿಸಿ ಹೇಳಿ. ನಾವು ಹೇಳದಿದ್ದರೆ ಅವರ ಮನಸ್ಸಿನಲ್ಲಿ ಇರುವುದು ಫ್ಲ್ಯಾಟಿನ ಬಾತ್‌ರೂಮೇ.

ದಿನನಿತ್ಯದ ಒರೆಸುವ ಸ್ನಾನ

ಅನುಮತಿ ಸಿಕ್ಕವರಿಗೂ ವಾರದ ಹೆಚ್ಚಿನ ದಿನ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಮಾಡಿದರೆ ಬೇಸಿಗೆಯಲ್ಲೂ ಮೈ ಹಗುರಾಗುತ್ತದೆ.

ಮೊದಲು ಬಚ್ಚಲು ಬಿಟ್ಟು ಬನ್ನಿ. ಗಾಳಿ ಬೆಳಕು ಇರುವ ಕೋಣೆಯಲ್ಲಿ, ಕೈ ಇಲ್ಲದ ಗಟ್ಟಿ ಸ್ಟೂಲ್ ಅಥವಾ ಕುರ್ಚಿಯ ಮೇಲೆ ಕೂರಿಸಿ. ಕೆಳಗೆ ಹಳೆಯ ಚಾಪೆ ಅಥವಾ ಗೋಣಿ ಹಾಸಿ. ಎರಡು ಬೇಸಿನ್ ಬೇಕು: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿ ಬೆಚ್ಚನೆ ನೀರು. ಸಣ್ಣ ಮೆತ್ತನೆಯ ಬಟ್ಟೆಗಳು ನಾಲ್ಕಾರು ಇರಲಿ. ಇವನ್ನು ಬೇರೆ ಬಟ್ಟೆಯ ಜೊತೆ ಒಗೆಯದೆ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬ್ಯಾಟರಿ ಮತ್ತು ಕಂಟ್ರೋಲರು ಅವುಗಳ ಮಾಮೂಲಿ ಚೀಲದಲ್ಲಿ, ಮೈಗೆ ತಗುಲಿಕೊಂಡೇ, ಬೇಸಿನ್‌ನಿಂದ ದೂರದ ಪಕ್ಕದಲ್ಲಿ ಇರಲಿ. ಕುರ್ಚಿಯ ಬೆನ್ನಿಗೆ ಚೀಲ ತಗುಲಿಹಾಕಿದರೆ ಎದ್ದು ನಿಂತ ಗಳಿಗೆಯಲ್ಲಿ ಕೇಬಲ್ ಜಗ್ಗುತ್ತದೆ. ಹಾಗೆ ಮಾಡಬೇಡಿ.

ಒರೆಸುವ ಕ್ರಮ ಮೇಲಿಂದ ಕೆಳಗೆ: ಮುಖ, ಕುತ್ತಿಗೆ, ಕೈ, ಕಂಕುಳು, ಎದೆ, ಬೆನ್ನು. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ನೀರು ತೊಟ್ಟಿಕ್ಕಬಾರದು. ಡ್ರೆಸ್ಸಿಂಗ್ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟುಬಿಡಿ. ಆ ಜಾಗವನ್ನು ಡ್ರೆಸ್ಸಿಂಗ್ ಬದಲಿಸುವಾಗ ಆಸ್ಪತ್ರೆ ಕೊಟ್ಟ ದ್ರಾವಣದಲ್ಲೇ ಸ್ವಚ್ಛ ಮಾಡುವುದು. ಆಮೇಲೆ ಕಾಲು, ಪಾದ. ತೊಡೆಸಂದಿ ಮತ್ತು ಹಿಂಭಾಗ ಎಲ್ಲಕ್ಕಿಂತ ಕೊನೆಗೆ, ಬೇರೆಯದೇ ಬಟ್ಟೆಯಲ್ಲಿ. ಅಲ್ಲಿ ಮುಟ್ಟಿದ ಬಟ್ಟೆ ಮತ್ತೆ ಹೊಟ್ಟೆಯ ಕಡೆ ಬರಲೇಬಾರದು. ಈ ಒಂದು ನಿಯಮವನ್ನು ಮನೆಯಲ್ಲಿ ಯಾರು ಒರೆಸಿದರೂ ತಪ್ಪಿಸಬಾರದು.

ಹೆಣ್ಣುಮಕ್ಕಳು ತಂದೆಗೆ, ಸೊಸೆ ಮಾವನಿಗೆ ಮೈ ಒರೆಸುವುದರಲ್ಲಿ ಇಬ್ಬರಿಗೂ ಸಂಕೋಚ ಇರುತ್ತದೆ. ನಮ್ಮಲ್ಲಿ ಬೆನ್ನು, ಕಾಲು ನಾನು ಒರೆಸುತ್ತೇನೆ, ಮಿಕ್ಕದ್ದನ್ನು ಅಪ್ಪ ಪಂಚೆಯ ಒಳಗೇ ತಾವೇ ಒರೆಸಿಕೊಳ್ಳುತ್ತಾರೆ, ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ಸಂಕೋಚಕ್ಕೆ ಮರ್ಯಾದೆ ಕೊಟ್ಟರೆ ಸ್ನಾನ ತಪ್ಪಿಸಿಕೊಳ್ಳುವ ನೆಪಗಳು ಕಡಿಮೆಯಾಗುತ್ತವೆ.

ಉಡಿದಾರದ ವಿಷಯ ಇಲ್ಲೇ ಹೇಳಬೇಕು. ಒದ್ದೆಯಾದ ಉಡಿದಾರ ದಿನವಿಡೀ ಹಸಿಯಾಗಿರುತ್ತದೆ, ಕೊಳೆ ಹಿಡಿಯುತ್ತದೆ, ರಂಧ್ರದ ಹತ್ತಿರವೇ ಉಜ್ಜುತ್ತದೆ. ತೆಗೆದಿಡಲು ಒಪ್ಪಿಸಿ. ಲಂಗದ ಲಾಡಿ, ಪಂಚೆಯ ಗಂಟು ಕೂಡ ಕೇಬಲ್ಲಿನ ಮೇಲೆ ಬರಬಾರದು. ತುಮಕೂರಿನ ಕಡೆ ಕೊರಳಲ್ಲಿ ಲಿಂಗ ಧರಿಸುವವರು ಶಿವದಾರವನ್ನು ಗಿಡ್ಡ ಮಾಡಿಕೊಂಡರೆ ಅದು ಡ್ರೆಸ್ಸಿಂಗ್‌ವರೆಗೆ ಇಳಿಯುವುದಿಲ್ಲ, ಚೀಲದ ಪಟ್ಟಿಗೂ ಸಿಕ್ಕಿಕೊಳ್ಳುವುದಿಲ್ಲ. ಜನಿವಾರಕ್ಕೂ ಇದೇ ಮಾತು.

ಬಚ್ಚಲನ್ನು ಸಜ್ಜು ಮಾಡುವುದು

ಅನುಮತಿ ಸಿಕ್ಕ ಮೇಲೆ, ನೀರು ಹಾಕಿಕೊಳ್ಳುವ ಮೊದಲ ದಿನಕ್ಕಿಂತ ಮುಂಚೆಯೇ ಬಚ್ಚಲನ್ನು ನೋಡಿಕೊಳ್ಳಿ.

ನೆಲ: ಕಡಪ ಕಲ್ಲು, ಪಾಚಿ ಕಟ್ಟಿದ ಸಿಮೆಂಟು, ಬೋರ್‌ವೆಲ್ ನೀರಿನ ಬಿಳಿ ಪೊರೆ ಕೂತ ಟೈಲ್ಸು ಎಲ್ಲವೂ ಸೋಪು ಬಿದ್ದರೆ ಜಾರುತ್ತವೆ. ಈ ರೋಗಿಗಳು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುತ್ತಿರುತ್ತಾರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಳತೆ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಿಸಿರುತ್ತಾರೆ. ಬೇರೆಯವರಿಗೆ ಬೋರೆ ಬಂದು ಹೋಗುವಂಥ ಪೆಟ್ಟು ಇವರಿಗೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ನೆಲ ತಿಕ್ಕಿಸಿ, ಕೆಳಗೆ ಹಿಡಿಯುವ ರಬ್ಬರ್ ಮ್ಯಾಟ್ ಹಾಕಿ, ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ. ಊರಿನ ಗಾರೆಯವರು ಒಂದು ಬೆಳಿಗ್ಗೆಯಲ್ಲಿ ಮಾಡಿಕೊಡುವ ಕೆಲಸ ಅದು.

ಮಣೆ ಬೇಡ. ಕುಕ್ಕರುಗಾಲಿನಲ್ಲಿ ಅಥವಾ ತಗ್ಗಿನ ಮಣೆಯ ಮೇಲೆ ಕೂತರೆ ಹೊಟ್ಟೆ ಮಡಿಚಿಕೊಳ್ಳುತ್ತದೆ, ಕೇಬಲ್ ಬಾಗುತ್ತದೆ, ಡ್ರೆಸ್ಸಿಂಗಿನ ಅಂಚು ಎದ್ದು ನೀರು ನುಗ್ಗಲು ದಾರಿಯಾಗುತ್ತದೆ. ಏಳುವಾಗ ತಲೆ ಸುತ್ತುತ್ತದೆ. ಮಂಡಿಯ ಎತ್ತರದ, ಅಲುಗಾಡದ ಸ್ಟೂಲ್ ಬೇಕು. (ಕುಕ್ಕರುಗಾಲಿನ ಕಕ್ಕಸಿಗೂ ಇದೇ ತೊಂದರೆ ಇರುವುದರಿಂದ ಕಮೋಡ್ ಹಾಕಿಸುವ ಖರ್ಚನ್ನು ಮುಂದೂಡಬೇಡಿ.)

ಬಕೆಟ್ಟನ್ನು ರೋಗಿ ಎತ್ತಬಾರದು. 20 ಲೀಟರಿನ ಬಕೆಟ್ಟು ತುಂಬಿದರೆ 20 ಕೆಜಿ. ಎದೆಮೂಳೆ ಕತ್ತರಿಸಿ ಕೂಡಿಸಿದ ಮೇಲಿನ ಮೊದಲ ತಿಂಗಳುಗಳಲ್ಲಿ ಅದರ ಅರ್ಧವೂ ಹೆಚ್ಚು. ಬಕೆಟ್ಟನ್ನು ಇನ್ನೊಂದು ಸ್ಟೂಲಿನ ಮೇಲೆ, ಬಾಗದೆ ಕೈಗೆ ಸಿಗುವ ಎತ್ತರಕ್ಕೆ, ಕೇಬಲ್ ಇಲ್ಲದ ಪಕ್ಕಕ್ಕೆ ಇಡಿ. ಚೊಂಬಿಗಿಂತ ಉದ್ದ ಹಿಡಿಯ ಸಣ್ಣ ಪ್ಲಾಸ್ಟಿಕ್ ಮಗ್ಗು ಒಳ್ಳೆಯದು, ಒಂದು ಸಲಕ್ಕೆ ಬೀಳುವ ನೀರು ಕಡಿಮೆ. ಕೈಯಲ್ಲಿ ಹಿಡಿಯುವ ಶವರ್ ಹಾಕಿಸಲು ಆಗುವುದಾದರೆ ಹಾಕಿಸಿ. ಗೋಡೆಯ ಮೇಲಿಂದ ಸುರಿಯುವ ಶವರ್ ಮಾತ್ರ ನನಗೆ ಸಮಾಧಾನವಿಲ್ಲ, ನೀರು ಎಲ್ಲಿ ಬೀಳಬೇಕು ಎಂಬುದು ನಮ್ಮ ಕೈಯಲ್ಲಿ ಇರುವುದಿಲ್ಲ.

ನೀರು ಕಾಯಿಸುವುದು: ಬಕೆಟ್ಟಿಗೆ ಹಾಕುವ ಹೀಟರ್ ರಾಡು ಈ ಬಚ್ಚಲೊಳಗೆ ಬರಬಾರದು. ಹೊರಗೆ ಕಾಯಿಸಿ, ಪ್ಲಗ್ ಕಿತ್ತು, ರಾಡು ತೆಗೆದ ಮೇಲೆ ನೀರನ್ನು ಒಳಗೆ ತನ್ನಿ. ಗ್ಯಾಸ್ ಗೀಸರ್ ಮುಚ್ಚಿದ ಬಾತ್‌ರೂಮಿನೊಳಗೆ ಇದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಗಟ್ಟಿಮುಟ್ಟಾದವರೇ ಸತ್ತಿದ್ದಾರೆ, ಅದನ್ನು ಹೊರಗಡೆಗೆ ಹಾಕಿಸಿ. ಸೌದೆ ಒಲೆಯ ಹಂಡೆ ಬಚ್ಚಲಲ್ಲೇ ಇರುವ ಮನೆಯಲ್ಲಿ ಬೆಂಕಿ ಆರಿಸಿ, ಹೊಗೆ ಹೋದ ಮೇಲೆ ಒಳಗೆ ಕರೆದುಕೊಂಡು ಹೋಗಿ.

ಹಬೆಯಾಡುವ ಬಿಸಿನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಈ ಪಂಪು ತನಗೆ ಬಂದಷ್ಟನ್ನೇ ತಳ್ಳಬಲ್ಲದು. ತಲೆ ಸುತ್ತಿ, ಹರಿವು ಕಡಿಮೆಯಾದ ಅಲಾರಂ ಹೊಡೆಯಬಹುದು. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಬೆವತು, ಭೇದಿಯಾಗಿ, ಅಥವಾ ಉಪವಾಸವಿದ್ದು ನೀರು ಕಡಿಮೆ ಕುಡಿದ ದಿನ ಬಚ್ಚಲಿಗೆ ಹೋಗದೆ ಒರೆಸಿಕೊಂಡುಬಿಡಿ.

ನೀರು ಯಾವುದು ಎಂಬುದೂ ಮುಖ್ಯ. ಬೋರ್‌ವೆಲ್ ನೀರು ಗಡುಸಾದರೂ ಮೈಗೆ ತೊಂದರೆಯಿಲ್ಲ, ನೊರೆ ಬರುತ್ತಿಲ್ಲವೆಂದು ಗಂಟೆಗಟ್ಟಲೆ ತಿಕ್ಕಬೇಡಿ ಅಷ್ಟೇ. ಮುಚ್ಚಳವಿಲ್ಲದ ತೊಟ್ಟಿಯ ನೀರು, ತೊಳೆಯದ ಸಂಪಿನ ನೀರು ಬೇಡ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು. ಅದು ಅಂತರ್ಜಲ ಹೆಚ್ಚಿಸಲೆಂದು ತಂದದ್ದು. ಆ ಕೆರೆಯ ನೀರನ್ನು ಈ ಮೈಗೆ ಮುಟ್ಟಿಸಬೇಡಿ.

ನೀರು ಹಾಕಿಕೊಳ್ಳುವ ದಿನ, ಹೆಜ್ಜೆ ಹೆಜ್ಜೆಯಾಗಿ

ಡ್ರೆಸ್ಸಿಂಗ್ ಬದಲಿಸುವ ದಿನವನ್ನೇ ಆರಿಸಿಕೊಳ್ಳಿ. ಸ್ನಾನವಾದ ತಕ್ಷಣ ಹೊಸ ಡ್ರೆಸ್ಸಿಂಗ್ ಹಾಕುವಂತಿರಬೇಕು. ಮನೆಯಲ್ಲಿ ತರಬೇತಿ ಪಡೆದವರು ಇರಬೇಕು. ಎಲ್ಲರೂ ಹೊಲಕ್ಕೋ ಮದುವೆಗೋ ಹೋದ ದಿನ ಬೇಡ.

ಮೊದಲು ಕರೆಂಟಿನ ಮಾತು. ಯಂತ್ರ ಗೋಡೆಯ ಪ್ಲಗ್ಗಿನಿಂದ ಓಡುತ್ತಿದ್ದರೆ ಸ್ನಾನಕ್ಕೆ ಹೋಗುವ ಮೊದಲು ಬ್ಯಾಟರಿಗೆ ಬದಲಿಸಲೇಬೇಕು. ಗೋಡೆಗೆ ತಂತಿ ಇರುವಾಗ ನೀರಿನ ಹತ್ತಿರ ಹೋಗುವುದು ಪ್ರಾಣಕ್ಕೇ ಅಪಾಯ. ಒಣಕೈಯಲ್ಲಿ, ಒಣ ಕೋಣೆಯಲ್ಲಿ, ಒಂದು ಕಡೆಯದನ್ನು ಬದಲಿಸಿ ಗಟ್ಟಿಯಾಗಿ ಕೂತಿದೆ ಎಂದು ನೋಡಿದ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕಿತ್ತರೆ ಕಂಟ್ರೋಲರಿನೊಳಗಿನ ತುರ್ತು ಬ್ಯಾಟರಿ ಮಾತ್ರ ಉಳಿಯುತ್ತದೆ, ಹಾರ್ಟ್‌ಮೇಟ್ 3ರಲ್ಲಿ ಅದನ್ನು 15 ನಿಮಿಷದ ಆಸರೆ ಎಂದುಕೊಳ್ಳಿ. ಪೂರ್ತಿ ಚಾರ್ಜ್ ಆದ ಜೋಡಿಯನ್ನೇ ಹಾಕಿ. ಹೊಸ ಜೋಡಿ 17 ಗಂಟೆಯವರೆಗೆ ಬರಬಹುದು, ಹಳತಾದಂತೆ ಕಡಿಮೆ. ಚಾರ್ಜ್ ಆದದ್ದು ಒಂದೇ ಜೋಡಿ ಉಳಿದಿದ್ದು ಕರೆಂಟು ಹೋಗಿದ್ದರೆ ಆ ದಿನ ನೀರಿನ ಸ್ನಾನ ಬೇಡ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಯಾವಾಗ ಬರುತ್ತದೆ ಕೇಳಿ. ಚಾರ್ಜರಿನ ಸಾಕೆಟ್ಟಿಗೆ ಸರಿಯಾದ ಅರ್ತಿಂಗ್ ಇರಬೇಕು, ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದೂ ಅರ್ತಿಂಗ್ ಇರುವುದಿಲ್ಲ. ಅದರ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಮಕ್ಕಳು ಆರಿಸಿಬಿಡಬಾರದು.

ಆಮೇಲೆ ಡ್ರೆಸ್ಸಿಂಗನ್ನು ಮುಚ್ಚುವುದು. ನಿಮ್ಮ ತಂಡ ಹೇಳಿದ ನೀರು ಹಿಡಿಯದ ಹಾಳೆಯನ್ನು ಡ್ರೆಸ್ಸಿಂಗಿನ ನಾಲ್ಕೂ ಕಡೆ ಹೊರಚಾಚುವಂತೆ ಹಾಕಿ, ಅಂಚುಗಳಿಗೆ ಟೇಪ್ ಒತ್ತಿ. ಮೇಲಿನ ಅಂಚಿಗೆ ಹೆಚ್ಚು ಗಮನ ಕೊಡಿ, ನೀರು ಇಳಿದು ಬರುವುದು ಅಲ್ಲಿಂದಲೇ. ಕೇಬಲ್ ಹೊರಬರುವ ಜಾಗದಲ್ಲಿ ಸಂದು ಉಳಿಯುತ್ತದೆ, ಟೇಪನ್ನು ಕೇಬಲ್ಲಿನ ಸುತ್ತ ತಂದು ಒತ್ತಿ. ಕೇಬಲ್ಲನ್ನು ಹೊಟ್ಟೆಗೆ ಹಿಡಿದಿಡುವ ಆಂಕರ್ ಪಟ್ಟಿ ಭದ್ರವಾಗಿದೆಯೇ ನೋಡಿ, ನೆನೆದರೆ ಅದರ ಅಂಟು ಬಿಡುತ್ತದೆ.

ಈಗ ಶವರ್ ಬ್ಯಾಗ್. ಕಂಟ್ರೋಲರು, ಎರಡೂ ಬ್ಯಾಟರಿ ಇದರೊಳಗೆ ಹೋಗುತ್ತವೆ. ಯಂತ್ರ ತಯಾರಿಸಿದ ಕಂಪನಿಯ ಚೀಲವೇ ಆಗಬೇಕು. ಅಂಗಡಿಯ ಪ್ಲಾಸ್ಟಿಕ್ ಕವರು, ಅಕ್ಕಿಚೀಲದ ಒಳಹಾಳೆ, ಮೊಬೈಲಿನ ನೀರುಚೀಲ ಯಾವುದೂ ನಡೆಯುವುದಿಲ್ಲ. ಪ್ರತಿ ಸಲವೂ ಬೆಳಕಿಗೆ ಹಿಡಿದು ಹರಿದಿದೆಯೇ, ಹೊಲಿಗೆ ಬಿಟ್ಟಿದೆಯೇ, ಜಿಪ್ ಕೊನೆವರೆಗೆ ಮುಚ್ಚುತ್ತದೆಯೇ ನೋಡಿ. ಒಳಗೆ ಕೇಬಲ್ ಮಡಿಚಿಕೊಳ್ಳದೆ, ತಿರುಚಿಕೊಳ್ಳದೆ ಸಡಿಲವಾಗಿ ಸುತ್ತಿಕೊಂಡಿರಬೇಕು. ಚೀಲವನ್ನು ಹೆಗಲಿಗೋ ಕೊರಳಿಗೋ ಹಾಕಿಕೊಳ್ಳಬೇಕು. ಗೋಡೆಯ ಮೊಳೆಗೆ, ನಲ್ಲಿಗೆ ಸಿಕ್ಕಿಸಬಾರದು, ನೆಲದ ಮೇಲೆ ಇಡಬಾರದು.

ಬಚ್ಚಲ ಬಾಗಿಲಿನ ಹೊರಗೆ, ಒಣಗಿದ ಎತ್ತರದ ಜಾಗದಲ್ಲಿ ತುರ್ತು ಚೀಲ ಇರಲಿ: ಬದಲಿ ಕಂಟ್ರೋಲರು, ಚಾರ್ಜ್ ಆದ ಇನ್ನೊಂದು ಜೋಡಿ ಬ್ಯಾಟರಿ, ಅವುಗಳ ಕ್ಲಿಪ್ಪು, ಒಣ ಟವೆಲ್ಲು, ಫೋನು. ಬಾಗಿಲು ಮುಂದೆ ಮಾಡಿ, ಚಿಲಕ ಹಾಕಬೇಡಿ. ನಾಚಿಕೆಯಾದರೆ ಪರದೆ ಕಟ್ಟಿ. ಹೊರಗಿರುವವರು ಟಿ.ವಿ. ಆರಿಸಿ ಕಿವಿಗೊಟ್ಟಿರಬೇಕು, ಚೀಲದೊಳಗಿಂದ ನೀರಿನ ಸದ್ದಿನ ನಡುವೆ ಅಲಾರಂ ಮಂದವಾಗಿ ಕೇಳಬಹುದು. ಆಗಾಗ ‘ಅಪ್ಪಾ, ಆಯ್ತಾ?’ ಎಂದು ಕೇಳಿ. ಉತ್ತರ ಬರದಿದ್ದರೆ ಎರಡನೆಯ ಸಲ ಕೂಗುತ್ತಾ ನಿಲ್ಲದೆ ಒಳಗೆ ಹೋಗಿ.

ಕೂತ ಮೇಲೆ ಕಾಲಿನಿಂದ ಶುರು ಮಾಡಿ. ಪಾದ, ಮೊಣಕಾಲು, ತೊಡೆ, ಆಮೇಲೆ ಬೆನ್ನು. ಬೆನ್ನಿಗೆ ನೀರು ಹಾಕುವಾಗ ಸ್ವಲ್ಪವೂ ಮುಂದೆ ಹರಿಯದಂತೆ ಇನ್ನೊಬ್ಬರು ಹಿಂದೆ ನಿಂತು ಹಾಕಿದರೆ ಒಳ್ಳೆಯದು. ಎದೆ ಮತ್ತು ಹೊಟ್ಟೆಗೆ ಸುರಿಯುವುದು ಬೇಡ, ಅಲ್ಲಿ ಒದ್ದೆ ಬಟ್ಟೆಯೇ ಸಾಕು. ತಲೆಗೆ ಇವತ್ತು ನೀರು ಬೇಡ, ಅದನ್ನು ಮುಂದೆ ಹೇಳುತ್ತೇನೆ. ನಾರು, ಕಲ್ಲು, ಬ್ರಷ್ಷಿನಿಂದ ತಿಕ್ಕಿದರೆ ವಾರ್ಫರಿನ್ ಇರುವ ಚರ್ಮ ಬೇಗ ಕಂದುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಸಿ. ಏಳುವ ಮೊದಲು ಕೂತಲ್ಲೇ ಮೈ ಒರೆಸಿಕೊಂಡು, ಒಂದು ಗಳಿಗೆ ಸುಧಾರಿಸಿಕೊಂಡು, ಹಿಡಿ ಹಿಡಿದು ಏಳಲಿ.

ಗಡ್ಡ ತೆಗೆಯುವುದಕ್ಕೆ ಬ್ಲೇಡು ಬೇಡ, ಟ್ರಿಮ್ಮರ್ ಸಾಕು.

ಬಚ್ಚಲಿನಿಂದ ಹೊರಗೆ ಬಂದ ಮೇಲೆ

ಶವರ್ ಬ್ಯಾಗಿನ ಹೊರಗನ್ನು ಮೊದಲು ಪೂರ್ತಿ ಒರೆಸಿ, ಕೈ ಒಣಗಿಸಿಕೊಂಡು, ಆಮೇಲೆ ಜಿಪ್ ತೆಗೆಯಿರಿ. ಒಳಗೆ ತೇವ ಕಂಡರೆ ಸುಮ್ಮನಿರದೆ ಯಂತ್ರದ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಒಣಗಿಸಲೆಂದು ಕನೆಕ್ಷನ್ ಬಿಚ್ಚಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ.

ಡ್ರೆಸ್ಸಿಂಗ್ ಬದಲಿಸುವಾಗ ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ, ಮಕ್ಕಳು, ಬೆಕ್ಕು ನಾಯಿ ಹೊರಗಿರಲಿ. ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ. ಕೈ ತೊಳೆದು, ಹಳೆಯ ಡ್ರೆಸ್ಸಿಂಗ್ ತೆಗೆದು, ಮತ್ತೆ ಕೈ ತೊಳೆದು, ಸ್ಟೆರೈಲ್ ಗ್ಲೌಸ್ ಹಾಕಿಕೊಂಡು, ಆಸ್ಪತ್ರೆ ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಅಥವಾ ಅವರು ಹೇಳಿದ ದ್ರಾವಣದಲ್ಲಿ ರಂಧ್ರದಿಂದ ಹೊರಮುಖವಾಗಿ ಸ್ವಚ್ಛ ಮಾಡುವುದು. ಅದು ತಾನಾಗಿ ಒಣಗಬೇಕು, ಊದಿ ಆರಿಸುವಂತಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ, ಪೌಡರು, ಯಾರೋ ಹೇಳಿದ ಸೊಪ್ಪಿನ ರಸ ಯಾವುದನ್ನೂ ಅಲ್ಲಿ ಹಚ್ಚಬಾರದು. ಅಜ್ಜಿಯಂದಿರು ಪ್ರೀತಿಯಿಂದಲೇ ಅರಿಶಿನ ತರುತ್ತಾರೆ. ಕೈಹಿಡಿದು ತಡೆಯಿರಿ.

ಪ್ರತಿ ಸಲ ರಂಧ್ರವನ್ನು ನೋಡಿ ಒಂದು ಫೋಟೊ ತೆಗೆದಿಡಿ. ಸುತ್ತ ಕೆಂಪು, ಮುಟ್ಟಿದರೆ ಹೊಸ ನೋವು, ಕೀವು, ವಾಸನೆ, ಕೇಬಲ್ಲಿನ ಸುತ್ತ ಚರ್ಮ ಬಿಟ್ಟುಕೊಂಡಂತೆ ಕಾಣುವುದು, 100 ಡಿಗ್ರಿ ದಾಟಿದ ಜ್ವರ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಫೋನ್ ಮಾಡಿ. ನಾಳೆ ನೋಡೋಣ ಎನ್ನಬೇಡಿ. ಡ್ರೆಸ್ಸಿಂಗ್ ಒದ್ದೆಯಾಗಿದ್ದು ಆ ದಿನ ಬದಲಿಸುವ ದಿನವಲ್ಲದಿದ್ದರೂ ತಕ್ಷಣ ಬದಲಿಸಬೇಕು.

ತಲೆಸ್ನಾನ, ಎಣ್ಣೆ, ಹಬ್ಬ, ತೀರ್ಥ

ತಲೆಯನ್ನು ಮೈಯಿಂದ ಬೇರೆ ಮಾಡಿ ತೊಳೆಯುವುದೇ ಸರಿ. ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ ನಮ್ಮ ಮನೆಗಳಲ್ಲಿ ಮಾಡುತ್ತಿದ್ದ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಮಂಚದ ಅಂಚಿಗೆ ತಲೆ ಬರುವಂತೆ ಮಲಗಿಸಿ, ಕುತ್ತಿಗೆಯ ಕೆಳಗೆ ಸುತ್ತಿದ ಟವೆಲ್ಲು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಕೆಳಗೆ ಬಕೆಟ್ಟು. ಯಂತ್ರ ಮಾಮೂಲಿ ಚೀಲದಲ್ಲೇ ಹೊಟ್ಟೆಯ ಪಕ್ಕಕ್ಕೆ, ಹಾಳೆಯ ಆಚೆಗೆ ಒಣಗಿರುತ್ತದೆ. ಸೀಗೇಕಾಯಿಯಾದರೂ ಶಾಂಪೂ ಆದರೂ ನಿಧಾನಕ್ಕೆ ತೊಳೆಯಬಹುದು. ಉದ್ದಕೂದಲಿನ ಹೆಂಗಸರಿಗೆ ಇದಕ್ಕಿಂತ ನೆಮ್ಮದಿಯ ವಿಧಾನ ನನಗೆ ಕಂಡಿಲ್ಲ. ಕೂದಲು ಪೂರ್ತಿ ಒಣಗುವವರೆಗೆ ಬೆನ್ನಿನ ಮೇಲೆ ಬಿಡದೆ ಟವೆಲ್ಲಿನಲ್ಲಿ ಕಟ್ಟಿ.

ಯುಗಾದಿಗೆ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎಣ್ಣೆಸ್ನಾನ ಬೇಕೇ ಬೇಕೆನಿಸುತ್ತದೆ. ನೆತ್ತಿಗೆ, ಅಂಗೈಗೆ, ಅಂಗಾಲಿಗೆ ಎಣ್ಣೆ ಮುಟ್ಟಿಸಿ ಶಾಸ್ತ್ರ ಮುಗಿಸಿ. ಅಂಗಾಲಿಗೆ ಹಚ್ಚಿದ್ದನ್ನು ಕಾಲು ನೆಲಕ್ಕೆ ಇಡುವ ಮೊದಲೇ ಒರೆಸಿಬಿಡಿ. ಮೈಗೆಲ್ಲ ಹರಳೆಣ್ಣೆ ಹಚ್ಚಿದರೆ ಟೇಪು, ಆಂಕರ್ ಪಟ್ಟಿ ಎಲ್ಲಾ ಜಾರಿ ಬಿಡುತ್ತವೆ, ಕಾಲೂ ಜಾರುತ್ತದೆ.

ಮುಟ್ಟಾದ ಹೆಣ್ಣುಮಕ್ಕಳಿಗೆ ತಲೆಸ್ನಾನ ಮಾಡಲೇಬೇಕೆಂಬ ಒತ್ತಾಯ ಕೆಲವು ಮನೆಗಳಲ್ಲಿ ಇನ್ನೂ ಇದೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಆ ದಿನಗಳಲ್ಲಿ ಸ್ರಾವ ಹೆಚ್ಚಾಗಿ ನಿತ್ರಾಣವಾಗಿರುತ್ತದೆ. ಅಂಥ ದಿನ ಬಚ್ಚಲಿಗೆ ನೂಕಬೇಡಿ, ಸ್ರಾವ ಮಾಮೂಲಿಗಿಂತ ಹೆಚ್ಚಿದ್ದರೆ ಡಾಕ್ಟರಿಗೆ ತಿಳಿಸಿ.

ಕೋಲಾರದ ಬೆಟ್ಟದ ಅಂತರಗಂಗೆಗೆ ಹೋದರೆ ಬಸವನ ಬಾಯಿಂದ ಬರುವ ನೀರನ್ನು ತಲೆಗೆ ನಾಲ್ಕು ಹನಿ ಪ್ರೋಕ್ಷಣೆ ಮಾಡಿಕೊಂಡರೆ ಆಯಿತು, ಕಲ್ಯಾಣಿಗೆ ಇಳಿಯುವುದು ಬೇಡ. ದೇವರಾಯನದುರ್ಗದ ನಾಮದ ಚಿಲುಮೆಯಲ್ಲೂ ಅಷ್ಟೇ.

ಏನಾದರೂ ಆದರೆ

ಅಲಾರಂ ಹೊಡೆದರೆ ನೀರು ನಿಲ್ಲಿಸಿ, ರೋಗಿಯನ್ನು ಕೂತಲ್ಲೇ ಇರಿಸಿ, ಕೈ ಒರೆಸಿಕೊಂಡು ಕಂಟ್ರೋಲರ್ ಪರದೆ ನೋಡಿ. ಹಾರ್ಟ್‌ಮೇಟ್ 3ರಲ್ಲಿ ಕೆಂಪು ಹೃದಯದ ಚಿಹ್ನೆ ಬಂದರೆ ಹರಿವು ಕಡಿಮೆಯಾಗಿದೆ ಅಥವಾ ಪಂಪ್ ನಿಂತಿದೆ ಎಂದರ್ಥ. ಡ್ರೈವ್‌ಲೈನ್, ಎರಡೂ ಬ್ಯಾಟರಿಯ ಕನೆಕ್ಷನ್ ಗಟ್ಟಿಯಾಗಿವೆಯೇ ಮೊದಲು ನೋಡಿ, ಆ ಕ್ಷಣವೇ ಕೋಆರ್ಡಿನೇಟರ್‌ಗೆ ಮತ್ತು 108ಕ್ಕೆ ಫೋನ್ ಮಾಡಿ. ಬೇರೆ ಯಂತ್ರವಾದರೆ ಅದರ ಚಿಹ್ನೆಗಳನ್ನು ಆಸ್ಪತ್ರೆಯಲ್ಲೇ ಕಲಿತಿರಿ.

ಬಿದ್ದು ತಲೆಗೆ ಪೆಟ್ಟಾದರೆ, ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಕೇಬಲ್ ಜಗ್ಗಿ ರಂಧ್ರದಲ್ಲಿ ರಕ್ತ ಕಂಡರೂ ಫೋನ್ ಮಾಡಬೇಕು.

ಆಂಬುಲೆನ್ಸಿನವರಿಗೆ, ತಾಲೂಕು ಆಸ್ಪತ್ರೆಯವರಿಗೆ ನೀವು ಹೇಳಬೇಕಾದ ಮಾತು ಒಂದಿದೆ. ಈ ಪಂಪು ರಕ್ತವನ್ನು ಬಿಡುವಿಲ್ಲದೆ ತಳ್ಳುತ್ತಿರುವುದರಿಂದ ಕೈಗೆ ನಾಡಿ ಸಿಗದಿರಬಹುದು, ಮಾಮೂಲಿ ಬಿ.ಪಿ. ಯಂತ್ರ ಅಂಕಿ ತೋರಿಸದಿರಬಹುದು. ನಾಡಿ ಇಲ್ಲವೆಂದು ಜೀವ ಹೋಗಿದೆ ಎಂದುಕೊಳ್ಳಬಾರದು. ಎದೆಗೆ ಕಿವಿಯಿಟ್ಟರೆ ಪಂಪಿನ ಗುಂಯ್ ಎನ್ನುವ ಸದ್ದು ಕೇಳುತ್ತದೆ. ಎಚ್ಚರ ತಪ್ಪಿದರೆ ಎದೆ ಒತ್ತುವುದು ಯಾವಾಗ, ಹೇಗೆ ಎಂಬುದನ್ನು ನಿಮ್ಮ ತಂಡದಿಂದ ಮೊದಲೇ ಕಲಿತು ಮನೆಯ ಇಬ್ಬರಿಗಾದರೂ ಗೊತ್ತಿರಲಿ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳಿಂದ ಬೆಂಗಳೂರು ಸುಮಾರು 60ರಿಂದ 70 ಕಿಲೋಮೀಟರ್, ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನವರಿಗೆ ಇನ್ನೂ ದೂರ. ಆದ್ದರಿಂದ ದಾರಿಯ ಹತ್ತಿರದ ಆಸ್ಪತ್ರೆಗೆ ಎಲ್‌ವ್ಯಾಡ್ ಇರುವವರು ಊರಿನಲ್ಲಿದ್ದಾರೆ ಎಂದು ಮುಂಚೆಯೇ ಹೋಗಿ ಹೇಳಿ ಬನ್ನಿ, ಕೋಆರ್ಡಿನೇಟರ್ ಫೋನ್ ನಂಬರನ್ನು ಅವರಿಗೂ ಕೊಡಿ.

ನೆಂಟರ ಮನೆಗೆ, ಮದುವೆ ಛತ್ರಕ್ಕೆ ಹೋದಲ್ಲಿ ಒರೆಸುವ ಸ್ನಾನ ಮಾತ್ರ. ಅಲ್ಲಿನ ಬಚ್ಚಲ ನೆಲ, ನೀರು, ಸಾಕೆಟ್ಟು ಯಾವುದೂ ನಮಗೆ ಗೊತ್ತಿರುವುದಿಲ್ಲ. ಎರಡು ಬೇಸಿನ್, ಒಗೆದ ಬಟ್ಟೆಗಳು, ಡ್ರೆಸ್ಸಿಂಗ್ ಸಾಮಾನು, ತುರ್ತು ಚೀಲ ಇವನ್ನು ಒಂದೇ ಬ್ಯಾಗಿನಲ್ಲಿ ಕಟ್ಟಿಟ್ಟುಕೊಂಡು ಹೊರಡಿ, ಮತ್ತು ಆ ಬ್ಯಾಗನ್ನು ಡಿಕ್ಕಿಗೆ ಹಾಕದೆ ಸೀಟಿನ ಪಕ್ಕದಲ್ಲೇ ಇಟ್ಟುಕೊಳ್ಳಿ.